ದಾಂಪತ್ಯದ್ರೋಹದ ಸಣ್ಣಕತೆ: ಗೊತ್ತಾದ ದಿನದಿಂದ ಶುರುಮಾಡಿ

ಸಂಬಂಧ ಹುಟ್ಟಿದ್ದು, ಬೆಳೆದದ್ದು, ಸಿಕ್ಕಿಬಿದ್ದದ್ದು, ಮನೆ ಮುರಿದದ್ದು, ಈ ನಾಲ್ಕೂ 2,000 ಪದಗಳ ಸಣ್ಣಕತೆಯಲ್ಲಿ ಹಿಡಿಸುವುದಿಲ್ಲ. ತುರುಕಿದರೆ ಧಾರಾವಾಹಿಯ ಸಾರಾಂಶವಾಗುತ್ತದೆ. ಗೊತ್ತಾಗುವ ದಿನದಿಂದಲೇ ಶುರುಮಾಡಿ. ಹಳೆಯದಕ್ಕೆ 300 ಪದ ಸಾಕು, ಅದನ್ನೂ ಒಂದೇ ಕಡೆ ಸುರಿಯದೆ ಮೂರ್ನಾಲ್ಕು ಕಡೆ ಹಂಚಿ. ಗೊತ್ತಾಗುವ ಗಳಿಗೆಗೆ 200. ಉಳಿದದ್ದೆಲ್ಲ ಆಮೇಲಿನ ಮನೆಗೆ.

ಸುಳಿವು ಮನೆಯ ವ್ಯವಹಾರದೊಳಗಿಂದಲೇ ಬರಲಿ. ಶರ್ಟಿನ ಲಿಪ್‌ಸ್ಟಿಕ್ ಕಲೆ ಸವೆದುಹೋಗಿದೆ. ಕಾರಿನ ಫಾಸ್ಟ್ಯಾಗ್ ಹೆಂಡತಿಯ ನಂಬರಿನಲ್ಲಿದೆ ಎನ್ನಿ. ಪೀಣ್ಯದ ಫ್ಯಾಕ್ಟರಿಯಲ್ಲಿದ್ದೇನೆ ಎಂದವನ ಕಾರಿಗೆ ಬೆಳಗ್ಗೆ 11.42ಕ್ಕೆ ಮೈಸೂರು ದಾರಿಯ ಗಣಂಗೂರು ಟೋಲಿನಲ್ಲಿ ದುಡ್ಡು ಕಡಿತವಾದ ಮೆಸೇಜು. ಅವಳು ಅಕ್ಕಿ ತೊಳೆಯುತ್ತಿದ್ದಾಳೆ. ಓದಿದಳು, ಕೈ ಒರೆಸಿಕೊಂಡು ಮತ್ತೆ ಓದಿದಳು. ಎರಡು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಹಾಕುವವಳು ಆರು ಹಾಕಿದಳು. ಇಲ್ಲಿ 'ಅವಳ ಎದೆ ಒಡೆಯಿತು' ಎಂದು ಬರೆದಿರೋ, ಕತೆ ಅಲ್ಲೇ ಮುಗಿಯಿತು. ರಾತ್ರಿ 'ಅನ್ನ ಯಾಕೆ ಗಂಜಿಯಾಗಿದೆ?' ಎಂದು ಅವನೇ ಕೇಳಲಿ. (ಕತೆ 2010ರದ್ದಾದರೆ ಈ ಮೆಸೇಜು ಬರುವುದಿಲ್ಲ. ಆಗ ಕೆಂಪು ಬಸ್ಸಿನ ಟಿಕೆಟ್ಟೋ ಪೆಟ್ರೋಲ್ ಬಂಕಿನ ಬಿಲ್ಲೋ ಬೇಕು.)

ಪರಿಣಾಮ ತೋರಿಸಲು ಕನ್ನಡದಲ್ಲಿ ಸಂಬೋಧನೆಗಿಂತ ಹರಿತವಾದದ್ದಿಲ್ಲ. 'ರೀ, ಊಟಕ್ಕೆ ಬನ್ನಿ' ಎನ್ನುತ್ತಿದ್ದವಳು ಮರುದಿನದಿಂದ 'ಊಟ ಆಗಿದೆ' ಎನ್ನಲಿ. ಕರೆಯೂ ಇಲ್ಲ, ಬಹುವಚನವೂ ಇಲ್ಲ. ಮೂರು ಪುಟ ಹೀಗೇ ನಡೆಸಿ, ಆಮೇಲೆ ಒಂದೇ ಒಂದು ಸಲ 'ನೀನು' ಬಾಯಿಂದ ಬೀಳಲಿ. ಮೊದಲ ಜಗಳದಲ್ಲೇ ಏಕವಚನಕ್ಕಿಳಿಸಿದರೆ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲಿಂದ ನೀನು ಎಂದೇ ಮಾತಾಡುವ ಜೋಡಿಯಾದರೆ ಉಲ್ಟಾ: 'ನೀವು' ಚುಚ್ಚುತ್ತದೆ. 'ಅಕ್ರಮ ಸಂಬಂಧ' ಪತ್ರಿಕೆಯ ಮಾತು, ಮನೆಯೊಳಗೆ ಯಾರೂ ಹಾಗನ್ನುವುದಿಲ್ಲ. ಅತ್ತೆ 'ಆ ವಿಷಯ' ಎಂದು ದನಿ ತಗ್ಗಿಸುತ್ತಾರೆ.

ಠಾಣೆ, ಕೋರ್ಟು ತರುವವರು ಇಸವಿ ನೋಡಿಕೊಳ್ಳಿ. ದಾಂಪತ್ಯದ್ರೋಹವನ್ನು ಅಪರಾಧವೆನ್ನುತ್ತಿದ್ದ ಐಪಿಸಿ 497ನೇ ಕಲಂ ಅನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು. ಅದಿದ್ದಾಗಲೂ ಶಿಕ್ಷೆ ಇದ್ದದ್ದು ಇನ್ನೊಬ್ಬನ ಹೆಂಡತಿಯ ಸಂಗ ಮಾಡಿದ ಗಂಡಸಿಗೆ, ದೂರಿನ ಹಕ್ಕು ಆ ಹೆಂಗಸಿನ ಗಂಡನದು. ಮೋಸಹೋದ ಹೆಂಡತಿ ಅದರಡಿ ತನ್ನ ಗಂಡನ ಮೇಲೆ ಕೇಸು ಹಾಕುವಂತಿರಲಿಲ್ಲ. ಎಷ್ಟೋ ಕತೆಗಳು ಎಡವುವುದು ಇಲ್ಲೇ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಂ ಪ್ರಕಾರ ದಾಂಪತ್ಯದ್ರೋಹ ಇಂದಿಗೂ ವಿಚ್ಛೇದನಕ್ಕೆ ಕಾರಣ. ಇಬ್ಬರೂ ಒಪ್ಪಿದರೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿಯ ಮೇಲೆ ಸಾಮಾನ್ಯವಾಗಿ ಇನ್ನಾರು ತಿಂಗಳು. ಎರಡೇ ವಾರದಲ್ಲಿ ಸಹಿ ಹಾಕಿಸಿ ಕಳಿಸಬೇಡಿ. ಆ ಕಾಯುವ ತಿಂಗಳುಗಳಲ್ಲೇ ಒಳ್ಳೆಯ ಕತೆ ಸಿಗುತ್ತದೆ.

ಕೊನೆಗೆ ಪ್ರೇಯಸಿಯನ್ನು ಅಪಘಾತದಲ್ಲಿ ಸಾಯಿಸುವುದು, ಕಾಲಿಗೆ ಬಿದ್ದು ಅಳಿಸುವುದು ಬೇಡ. ಇಬ್ಬರೂ ಸೇರಿಯೇ ಮಾಡಬೇಕಾದ ಚಿಲ್ಲರೆ ಕೆಲಸವೊಂದು ಹುಡುಕಿ. ಅವಳು ಫಾಸ್ಟ್ಯಾಗಿನಿಂದ ತನ್ನ ನಂಬರು ತೆಗೆದು ಅವನದು ಹಾಕುತ್ತಿದ್ದಾಳೆ ಎನ್ನಿ. ಓಟಿಪಿಗಾಗಿ ಇಬ್ಬರೂ ಒಂದೇ ಸೋಫಾದಲ್ಲಿ ಕೂರಬೇಕು. ಅವನು ಒಂದೊಂದೇ ಅಂಕಿ ಓದುತ್ತಾನೆ, ಅವಳು ಒತ್ತುತ್ತಾಳೆ. ಕೊನೆಯ ಅಂಕಿಗೆ ಮುಂಚೆ ಅವನು ತಡೆದರೆ ಸಾಕು, ಅಲ್ಲೇ ನಿಲ್ಲಿಸಿ.