ಅಪ್ಪನ ಬುಲೆಟ್‌ನ ನಡುಕ ಇಳಿಸಿದ ನನ್ನ ಅನುಭವ

ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಮೈಸೂರು ಮುಟ್ಟುವಷ್ಟರಲ್ಲಿ ನನ್ನ ಎರಡೂ ಅಂಗೈ ಜೋಮು ಹಿಡಿದಿರುತ್ತಿದ್ದವು. ಗಾಡಿ ಅಪ್ಪನದು, 1984ರ ಬುಲೆಟ್ 350. ವೇಗ 60 ಮುಟ್ಟಿದರೆ ಸಾಕು, ಕನ್ನಡಿಯಲ್ಲಿ ಹಿಂದಿನ ಬಸ್ಸು ಬರೀ ಕೆಂಪು ಕಲೆಯಂತೆ ಕಾಣುತ್ತಿತ್ತು. ತಿಂಗಳಿಗೊಮ್ಮೆ ಹಿಂದಿನ ಬಲ್ಬ್ ಹೋಗುತ್ತಿತ್ತು. ಕೇಳಿದವರೆಲ್ಲ "ಬುಲೆಟ್ ಅಂದ್ರೆ ಹಂಗೇ" ಅಂದರು.

ಆ ಮಾತು ಅರ್ಧ ನಿಜ. ಈ ಹಳೇ ಎಂಜಿನ್‌ಗೆ ಇರುವುದು ಒಂದೇ ಸಿಲಿಂಡರ್. ಬೋರ್ (ಸಿಲಿಂಡರಿನ ಒಳಗಿನ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 90 ಮಿ.ಮೀ. ಅಷ್ಟುದ್ದ ಓಡುವ ಪಿಸ್ಟನ್ ಪ್ರತಿ ಸುತ್ತಿಗೂ ಮೇಲೊಮ್ಮೆ, ಕೆಳಗೊಮ್ಮೆ ನಿಂತು ತಿರುಗಬೇಕು. ಅದಕ್ಕೆ ಎದುರಾಗಿ ಎಂಜಿನ್ ಒಳಗೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನಲ್ಲಿ ತೂಕ ಇರುತ್ತದೆ. ಆದರೆ ಪಿಸ್ಟನ್‌ನ ಪೂರ್ತಿ ತೂಕ ಸರಿದೂಗಿಸಿದರೆ ಮೇಲೆ ಕೆಳಗಿನ ನಡುಕ ಹೋಗಿ ಹಿಂದೆ ಮುಂದಿನ ನಡುಕ ಶುರುವಾಗುತ್ತದೆ. ಹಾಗಾಗಿ ಒಂದಷ್ಟನ್ನು ಸರಿದೂಗಿಸಿ ಉಳಿದದ್ದನ್ನು ಬಿಟ್ಟಿರುತ್ತಾರೆ. ಆ ಉಳಿದ ನಡುಕದ ಜೊತೆ ನಾವು ಬಾಳಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲೋ ಏನೋ ಸಡಿಲ ಆಗಿದೆ, ಇಲ್ಲವೇ ಕೆಟ್ಟಿದೆ ಅಂತಲೇ ಅರ್ಥ.

ಮೊದಲು ಖಾಲಿ ರಸ್ತೆಯಲ್ಲಿ 60ಕ್ಕೆ ಹೋಗಿ, ಆಕ್ಸಿಲೇಟರ್ ಬಿಟ್ಟು ಕ್ಲಚ್ ಹಿಡಿದೆ. ನಡುಕ ತಟ್ಟನೆ ನಿಂತಿತು. ಅಲ್ಲಿಗೆ ಚಕ್ರ, ಟೈರ್‌ಗಳದು ತಪ್ಪಿಲ್ಲ ಅಂತಾಯಿತು.

ಮನೆಗೆ ಬಂದು ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಸ್ಟಾರ್ಟ್ ಮಾಡಿದೆ. ಎಂಜಿನ್ ಪ್ಲೇಟ್ ಫ್ರೇಮಿಗೆ ಕೂಡುವ ಕಡೆಯೆಲ್ಲ ಎರಡರ ಮೇಲೂ ಬರುವ ಹಾಗೆ ಬೆರಳಿಟ್ಟು ನೋಡಿದೆ. ಜಾಯಿಂಟ್ ಬಿಗಿ ಇದ್ದರೆ ಎರಡೂ ಒಟ್ಟಿಗೇ ನಡುಗುತ್ತವೆ. ಸಡಿಲ ಇದ್ದರೆ ಬೆರಳಡಿ ಒಂದರ ಮೇಲೊಂದು ಜಾರುವುದು ಗೊತ್ತಾಗುತ್ತದೆ. ಕೆಳಗಿನ ಹಿಂದಿನ ಪ್ಲೇಟಿನಲ್ಲಿ ಅದು ಸಿಕ್ಕಿತು. ಸಿಲಿಂಡರ್ ಹೆಡ್ಡನ್ನು ಫ್ರೇಮಿಗೆ ಕಟ್ಟುವ ಪಟ್ಟಿ ಇದೆಯಲ್ಲ, ಹೆಡ್ ಸ್ಟೆಡಿ, ಅಲ್ಲಿಯೂ ಸಿಕ್ಕಿತು. (ಬಿಸಿ ಸೈಲೆನ್ಸರ್ ಪೈಪ್‌ಗೆ ಕೈ ತಾಗದಂತೆ ಹುಷಾರು.) ಬೋಲ್ಟ್ ಬಿಚ್ಚಿದಾಗ ವಾಷರ್ ಸುತ್ತ ಕುಂಕುಮದಂಥ ಸಣ್ಣ ಕೆಂಪು ಪುಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಉದುರಿದ್ದು. ದುಂಡಗಿರಬೇಕಾದ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. ಇಂಥದ್ದನ್ನು ಎಷ್ಟು ಬಿಗಿ ಮಾಡಿದರೂ ಸುಮ್ನೆ, ವಾರದಲ್ಲಿ ಮತ್ತೆ ಸಡಿಲ.

ಲೇತ್ ಅಂಗಡಿಯ ಅಣ್ಣ ತೂತುಗಳಿಗೆ ವೆಲ್ಡ್ ತುಂಬಿ, ಬೋಲ್ಟಿಗೆ ಸರಿಯಾಗಿ ಹೊಸದಾಗಿ ಕೊರೆದುಕೊಟ್ಟರು. ಜೋಡಿಸುವಾಗ ಒಂದು ಕ್ರಮ ಬೇಕು, ಇದನ್ನು ದಯವಿಟ್ಟು ತಪ್ಪಿಸಬೇಡಿ. ಮೊದಲು ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ತೂರಿಸಿ, ಎಂಜಿನ್ ತಾನಾಗಿ ಕೂರಲು ಬಿಡಿ. ಆಮೇಲೆ ಕೆಳಗಿನವನ್ನು ಬಿಗಿ ಮಾಡಿ. ಹೆಡ್ ಸ್ಟೆಡಿ ಕಟ್ಟಕಡೆಗೆ. ಅದು ಎಳೆಯದೆ, ತಳ್ಳದೆ ಕೂರಬೇಕು. ನನಗೆ ಸ್ವಲ್ಪ ಸಂದಿ ಉಳಿದಿತ್ತು, ಒಂದು ತೆಳು ವಾಷರ್ ಕೊಟ್ಟು ತುಂಬಿಸಿದೆ. ಅದನ್ನು ಬೋಲ್ಟಿನಿಂದಲೇ ಎಳೆದು ಮುಚ್ಚಿದರೆ ಎಂಜಿನ್ನು, ಫ್ರೇಮು ಒಂದನ್ನೊಂದು ಎಳೆಯುತ್ತಲೇ ಇರುತ್ತವೆ.

ಅರ್ಧ ನಡುಕ ಇಲ್ಲೇ ಹೋಯಿತು.

ಉಳಿದ ನಡುಕಕ್ಕೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿದೆ. ಕಿಕ್ಕರ್ ಆಗಾಗ ಕಾಲಿಗೆ ತಿರುಗಿ ಒದೆಯುತ್ತಿತ್ತು. ಟೈಮಿಂಗ್ ಮುಂದಿದೆ ಅನ್ನುವುದಕ್ಕೆ ಅದೇ ಗುರುತು. ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸ್ವಿಚ್) ಇರುವ ಪ್ಲೇಟ್ ಬಿಚ್ಚಿದರೆ, ಅದರ ಹಿಂದಿರುವ, ವೇಗ ಏರಿದಂತೆ ಕಿಡಿಯನ್ನು ಮುಂದಕ್ಕೆ ತರುವ ಅಡ್ವಾನ್ಸ್ ಯೂನಿಟ್‌ನ ತೂಕಗಳು ಒಣಗಿದ ಗ್ರೀಸಿನಲ್ಲಿ ಅಂಟಿ ಅರ್ಧ ತೆರೆದೇ ಇದ್ದವು. ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದೇ ಹನಿ ಎಣ್ಣೆ ಬಿಟ್ಟೆ. ಪಾಯಿಂಟ್ ಗ್ಯಾಪ್ 0.38 ಮಿ.ಮೀ. ಇಟ್ಟೆ. ತೂಕಗಳು ಪೂರ್ತಿ ಮುಚ್ಚಿರುವಾಗ, ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ ಬಿಡುವಂತೆ ಟೈಮಿಂಗ್ ಕೂರಿಸಿದೆ. ನಡುವೆ ಸಿಕ್ಕಿಸಿದ ತೆಳು ಕಾಗದ ಜಾರಿ ಬಂತು ಅಂದರೆ ಪಾಯಿಂಟ್ ಬಿಟ್ಟಿತು ಅಂತ ಲೆಕ್ಕ.

ಹ್ಯಾಂಡಲ್ ತುದಿಗೆ ಹಾಕುವ ತೂಕ, ದಪ್ಪ ರಬ್ಬರ್ ಗ್ರಿಪ್ ಎಲ್ಲ ಇದಾದ ಮೇಲೆ ನೋಡಿಕೊಳ್ಳಿ. ನಾನು ತೂಕ ಹಾಕಿದೆ, ಕನ್ನಡಿ ಇನ್ನಷ್ಟು ನಿಚ್ಚಳವಾಯಿತು. 200 ಕಿ.ಮೀ. ಓಡಿಸಿ ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿದೆ, ಎರಡು ಬೋಲ್ಟು ಮಾತ್ರ ಕಾಲು ಸುತ್ತಿನಷ್ಟು ತಿರುಗಿದವು.

80 ಹತ್ತಿರ ಹೋದರೆ ಈಗಲೂ ನಡುಕ ಇದೆ. ಅಲ್ಲಿಗೆ ನಾನು ಹೋಗುವುದಿಲ್ಲ. 60ರಲ್ಲಿ ಮೈಸೂರಿನವರೆಗೂ ಕೈ ಹಗುರ. ಯುಗಾದಿಗೆ ಹಾಕಿದ ಹಿಂದಿನ ಬಲ್ಬ್ ದೀಪಾವಳಿ ಕಳೆದರೂ ಉರಿಯುತ್ತಿದೆ.