ಟ್ಯಾಂಕ್‌ನಲ್ಲಿ ಎಷ್ಟು ಎಥನಾಲ್ ಇದೆ? ನನ್ನ ಎಸ್‌ಟಿಐಗೆ ಫ್ಲೆಕ್ಸ್ ಫ್ಯೂಯೆಲ್ ಟ್ಯೂನ್ ಮಾಡಿಸಿದ ಅನುಭವ

ಅಮೆರಿಕದ ಮಿನೆಸೋಟದಲ್ಲಿ ಟರ್ಬೋ ಕಾರು ಇಟ್ಟುಕೊಂಡವರಿಗೆ ಒಂದು ಅನುಕೂಲ ಇದೆ. ಇದು ಮುಸುಕಿನ ಜೋಳದ ಸೀಮೆ, ಇಲ್ಲಿ ಎಥನಾಲ್ ಮಾಡುವುದು ಅದರಿಂದಲೇ. ಇ85 (ಎಥನಾಲ್ ಹೆಚ್ಚಿರುವ ಪೆಟ್ರೋಲ್ ಮಿಶ್ರಣ) ಪಂಪ್ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನನ್ನದು 2015ರ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ, 2.5 ಲೀಟರಿನ ಇಜೆ257 ಎಂಜಿನ್. 91 ಆಕ್ಟೇನ್ ಪೆಟ್ರೋಲ್ ಹಾಕಿ ಬೇಸಿಗೆಯಲ್ಲಿ ಜೋರಾಗಿ ಓಡಿಸಿದರೆ, ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ತಾನಾಗಿಯೇ ಹೊತ್ತಿಕೊಳ್ಳುವುದು) ಕಂಡು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಟೈಮಿಂಗ್ ಕಡಿಮೆ ಮಾಡುತ್ತಿದ್ದದ್ದು (ಕಿಡಿಯನ್ನು ತಡವಾಗಿ ಹೊತ್ತಿಸುತ್ತಿದ್ದದ್ದು) ಲಾಗ್‌ನಲ್ಲಿ ಕಾಣುತ್ತಿತ್ತು. ನಾಕಿಂಗ್ ಹಾಗೇ ಮುಂದುವರಿದರೆ ಪಿಸ್ಟನ್ನಿಗೇ ಪೆಟ್ಟು. ನಾನು ಎಥನಾಲ್ ಕಡೆ ತಿರುಗಿದ್ದು ಅದಕ್ಕೇ.

ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಹೀರುತ್ತದೆ. ಸಿಲಿಂಡರ್ ಒಳಗಿನ ಗಾಳಿ ತಣ್ಣಗಾಗುತ್ತದೆ, ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಕೂಡ ಹೆಚ್ಚು. ಹಾಗಾಗಿ ನಾಕಿಂಗ್ ಇಲ್ಲದೆ ಟೈಮಿಂಗ್ ಮುಂದಕ್ಕೆ ತರಬಹುದು, ಅಂದರೆ ಕಿಡಿಯನ್ನು ಬೇಗ ಹೊತ್ತಿಸಬಹುದು.

ಆದರೆ ಪಂಪ್ ಮೇಲೆ 85 ಅಂತ ಬರೆದಿದ್ದರೆ ಒಳಗೆ ಇರುವುದು 85 ಅಂತ ನಂಬಬಾರದು. ಅಮೆರಿಕದಲ್ಲಿ ಇ85 ಅಂತ ಮಾರುವ ಇಂಧನದಲ್ಲಿ ಎಥನಾಲ್ 51ರಿಂದ 83 ಶೇಕಡಾವರೆಗೆ ಎಷ್ಟಾದರೂ ಇರಬಹುದು. ಚಳಿಗಾಲದಲ್ಲಿ ಎಂಜಿನ್ ಸುಲಭವಾಗಿ ಶುರುವಾಗಲಿ ಅಂತ ಪೆಟ್ರೋಲ್ ಭಾಗವನ್ನು ಹೆಚ್ಚಿಸುತ್ತಾರೆ. ಇ85ಗೆ ಅಂತಲೇ ಮಾಡಿದ ಸ್ಥಿರ ಟ್ಯೂನ್ (ಇಸಿಯು ಒಳಗಿನ ಇಂಧನ, ಟೈಮಿಂಗ್ ಲೆಕ್ಕ) ಇದ್ದು, ಟ್ಯಾಂಕ್‌ಗೆ 55 ಶೇಕಡಾದ ಮಿಶ್ರಣ ಬಿದ್ದರೆ ಲೆಕ್ಕ ತಪ್ಪುತ್ತದೆ. ಎಥನಾಲ್ ಎಷ್ಟಿದೆ ಅಂತ ಅಳೆಯುವ ಸೆನ್ಸರ್ ಬೇಕೇ ಬೇಕು ಅನ್ನುವುದು ಇದಕ್ಕೆ. ಅದನ್ನು ನೋಡಿ ಯಾವ ಮಿಶ್ರಣಕ್ಕಾದರೂ ಹೊಂದಿಕೊಳ್ಳುವುದೇ ಫ್ಲೆಕ್ಸ್ ಫ್ಯೂಯೆಲ್ ಟ್ಯೂನ್. ನಾನು ಸೆನ್ಸರನ್ನು ಮಿಕ್ಕ ಇಂಧನ ಟ್ಯಾಂಕಿಗೆ ಮರಳುವ ರಿಟರ್ನ್ ಲೈನಿನಲ್ಲಿ ಕೂರಿಸಿದೆ. ಸಾಮಾನ್ಯವಾಗಿ ಎಲ್ಲರೂ ಬಳಸುವ ಕಾಂಟಿನೆಂಟಲ್ ಸೆನ್ಸರ್ ಶುದ್ಧ ಪೆಟ್ರೋಲಿಗೆ 50 ಹರ್ಟ್ಜ್, ಶುದ್ಧ ಎಥನಾಲಿಗೆ 150 ಹರ್ಟ್ಜ್ ಕೊಡುತ್ತದೆ. 120 ಬಂದರೆ 70 ಶೇಕಡಾ. ಅಷ್ಟು ಸರಳ.

ಖರ್ಚಾಗಿದ್ದು ಸೆನ್ಸರಿಗಲ್ಲ, ಇಂಧನ ಸಾಗಿಸುವ ವ್ಯವಸ್ಥೆಗೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಇ85 ಲೀಟರ್ ಲೆಕ್ಕದಲ್ಲಿ ಸುಮಾರು 30–40 ಶೇಕಡಾ ಜಾಸ್ತಿ ಸುರಿಯಬೇಕು. ಕಂಪನಿಯಿಂದ ಬಂದ ಪಂಪ್ ಮತ್ತು ಇಂಜೆಕ್ಟರ್‌ಗಳಿಗೆ ಪೂರ್ತಿ ಬೂಸ್ಟ್‌ನಲ್ಲಿ (ಟರ್ಬೋ ಒತ್ತಿ ತುಂಬುವ ಗಾಳಿಯ ಒತ್ತಡ) ಅದು ಆಗದ ಕೆಲಸ. ಎಥನಾಲ್ ತಾಳುವ ದೊಡ್ಡ ಪಂಪ್, ನಿಮಿಷಕ್ಕೆ 1050 ಸಿಸಿ ಸುರಿಯುವ ಇಂಜೆಕ್ಟರ್‌ಗಳು, ಒಂದು ಹಂತ ತಣ್ಣನೆಯ (ಶಾಖ ಬೇಗ ಬಿಡುವ) ಸ್ಪಾರ್ಕ್ ಪ್ಲಗ್ ಹಾಕಿಸಿದೆ. ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಸಮಯದ ಪಾಲು) 85 ಶೇಕಡಾ ದಾಟಬಾರದು ಅಂತ ಟ್ಯೂನರ್‌ಗೆ ಮೊದಲೇ ಹೇಳಿದ್ದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಲಿಲ್ಲ. ರಸ್ತೆಯಲ್ಲಿ ಓಡುವ ಕಾರಿನಿಂದ ಅದನ್ನು ತೆಗೆಯುವುದು ನನಗೆ ಒಪ್ಪಿಗೆ ಇಲ್ಲ, ಕಾನೂನಿಗೂ ಒಪ್ಪಿಗೆ ಇಲ್ಲ.

ಟ್ಯೂನಿಂಗ್ ಪೆಟ್ರೋಲಿನಿಂದ ಶುರುವಾಯಿತು. ಹೊಸ ಇಂಜೆಕ್ಟರ್‌ಗಳ ಅಳತೆ ಪೆಟ್ರೋಲಿನಲ್ಲೇ ಸರಿ ಕೂರಬೇಕು. ಆಮೇಲೆ ಎಥನಾಲ್. ಎರಡು ತುದಿಗೂ ಬೇರೆ ಬೇರೆ ಟೇಬಲ್‌ಗಳಿರುತ್ತವೆ. ಸೆನ್ಸರ್ ಹೇಳುವ ಸಂಖ್ಯೆ ನೋಡಿ ಇಸಿಯು ಅವೆರಡರ ಮಧ್ಯೆ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುತ್ತದೆ. ಇಂಧನದ ಲೆಕ್ಕ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರುತ್ತದೆ. ಟೈಮಿಂಗ್ ಹಾಗಲ್ಲ. ನನ್ನ ಕಾರಿನಲ್ಲಿ ಲಾಭದ ಬಹುಪಾಲು ಎಥನಾಲ್ 40–50 ಶೇಕಡಾ ಆಗುವ ಹೊತ್ತಿಗೇ ಸಿಕ್ಕಿಬಿಟ್ಟಿತು. ಅದಾದ ಮೇಲೆ ಇನ್ನಷ್ಟು ಹಿಂಡುವ ಬದಲು ಟೈಮಿಂಗನ್ನು ಅಲ್ಲಿಗೇ ನಿಲ್ಲಿಸಿ ಅಂದೆ. ಟ್ಯೂನರ್ ಇನ್ನೂ ಬೂಸ್ಟ್ ಕೊಡಬಹುದು ಅಂದರು. ಎಂಜಿನ್ ನನ್ನದು, ಅಂಚಿನಲ್ಲಿ ಓಡಿಸುವ ಆಸೆ ನನಗಿಲ್ಲ.

ಗೇಜ್ ನೋಡುವಾಗ ಲ್ಯಾಂಬ್ಡಾ ನೋಡಿ. ಗಾಳಿ-ಇಂಧನ ಅನುಪಾತದ ಅಂಕಿ ಎಥನಾಲ್ ಬೆರೆತಾಗ ಸುಮ್ನೆ ಗೊಂದಲ ಮಾಡುತ್ತದೆ. ಲ್ಯಾಂಬ್ಡಾ 1 ಅಂದರೆ, ಇಂಧನ ಯಾವುದಾದರೂ, ಅದು ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದೆ ಅಂತ. ಟ್ಯಾಂಕ್ ತುಂಬಿಸಿದ ತಕ್ಷಣ ನಾನು ಕಾಲು ಒತ್ತುವುದಿಲ್ಲ. ಹೊಸ ಮಿಶ್ರಣ ಲೈನಿಗೆ ಬಂದು ಸಂಖ್ಯೆ ನಿಲ್ಲುವವರೆಗೆ ನಿಧಾನ.

ಚಳಿಗಾಲದ್ದು ಬೇರೆಯೇ ಕಥೆ. ಸೊನ್ನೆಗಿಂತ ಕೆಳಗೆ ಎಥನಾಲ್ ಸರಿಯಾಗಿ ಆವಿಯಾಗುವುದಿಲ್ಲ, ಸ್ಟಾರ್ಟ್ ಮಾಡುವಾಗ ತುಂಬಾ ಇಂಧನ ಸುರಿಯಬೇಕಾಗುತ್ತದೆ. ಅದರಲ್ಲಿ ಸ್ವಲ್ಪ ಎಂಜಿನ್ ಆಯಿಲ್‌ಗೂ ಸೇರುತ್ತದೆ. ಹತ್ತಿರದ ಓಡಾಟವೇ ಜಾಸ್ತಿ ಇದ್ದರೆ ಆಯಿಲ್ ಬಿಸಿಯಾಗಿ ಅದು ಹೊರಗೆ ಹೋಗುವ ಅವಕಾಶವೇ ಇಲ್ಲ. ಆಯಿಲ್ ಬೇಗ ಬದಲಿಸುತ್ತೇನೆ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಇ85 ಮುಗಿಸಿ ಮಾಮೂಲಿ ಪೆಟ್ರೋಲ್ ತುಂಬುತ್ತೇನೆ, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮೈಲೇಜ್ ಕಾಲು ಭಾಗದಷ್ಟು ಇಳಿಯಿತು. ಅದಕ್ಕೆ ಮದ್ದಿಲ್ಲ.

ಬೆಂಗಳೂರಿನ ಗೆಳೆಯರು ಕೇಳುತ್ತಾರೆ, ಈಗ ನಮ್ಮಲ್ಲೂ ಇ20 (20 ಶೇಕಡಾ ಎಥನಾಲ್ ಇರುವ ಪೆಟ್ರೋಲ್) ಬಂತಲ್ಲ, ನಾವೂ ಟ್ಯೂನ್ ಮಾಡಿಸೋದಾ ಅಂತ. ಇ20ಗೆ ಬೇಕಾದ ಸ್ವಲ್ಪ ಹೆಚ್ಚಿನ ಇಂಧನವನ್ನು ಮಾಮೂಲಿ ಓಡಾಟದಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ. ಟ್ಯೂನ್‌ಗೆ ದುಡ್ಡು ಹಾಕುವ ಮೊದಲು ಹಳೆಯ ಕಾರಾದರೆ ರಬ್ಬರ್ ಪೈಪ್, ಸೀಲ್, ಫ್ಯೂಯೆಲ್ ಪಂಪ್ ನೋಡಿಸಿ. ಪೂರ್ತಿ ಬೂಸ್ಟ್‌ನಲ್ಲಿ ಲಾಗ್ ತೆಗೆದು ಲ್ಯಾಂಬ್ಡಾ ಎಲ್ಲಿ ನಿಂತಿದೆ ಅಂತಲೂ ನೋಡಿ, ಮಿಕ್ಕಿದ್ದು ಆಮೇಲೆ.