ಹರಿಕೇನ್ ಋತುವಿಗೆ ಮನೆಯನ್ನು ಸಜ್ಜು ಮಾಡುವುದು ಹೇಗೆ?

ಅಟ್ಲಾಂಟಿಕ್ ಹರಿಕೇನ್ (ಚಂಡಮಾರುತ) ಋತು ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅಬ್ಬರ ಹೆಚ್ಚು. ಫ್ಲೋರಿಡಾ, ಟೆಕ್ಸಾಸ್, ಕೆರೊಲಿನಾಗಳಲ್ಲಿ ಮನೆ ಮಾಡಿಕೊಂಡಿರುವವರು ಟಿವಿಯಲ್ಲಿ ಬಿರುಗಾಳಿಯ ಹೆಸರು ಕೇಳಿದ ಮೇಲೆ ಅಂಗಡಿಗೆ ಓಡಿದರೆ ಪ್ಲೈವುಡ್ಡೂ ಸಿಗುವುದಿಲ್ಲ, ನೀರೂ ಸಿಗುವುದಿಲ್ಲ.

ಮೊದಲು ವಿಮೆ ನೋಡಿ. ಮನೆಯ ಸಾಮಾನ್ಯ ವಿಮೆ ಪ್ರವಾಹದ ಹಾನಿಗೆ ಹಣ ಕೊಡುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. ಅಮೆರಿಕ ಸರ್ಕಾರದ ಪ್ರವಾಹ ವಿಮೆ ಸಾಮಾನ್ಯವಾಗಿ 30 ದಿನ ಕಳೆದ ಮೇಲಷ್ಟೇ ಜಾರಿಗೆ ಬರುತ್ತದೆ. ಬಾಡಿಗೆ ಮನೆಯವರೂ ತಮ್ಮ ಸಾಮಾನುಗಳಿಗೆ ಇದನ್ನು ಮಾಡಿಸಬಹುದು.

ಆಮೇಲೆ ನಿಮ್ಮ ವಿಳಾಸ ಯಾವ ತೆರವು ವಲಯದಲ್ಲಿದೆ (ಆದೇಶ ಬಂದಾಗ ಜನ ಮನೆ ಬಿಟ್ಟು ಹೊರಡಬೇಕಾದ ಪ್ರದೇಶ) ಎಂದು ಕೌಂಟಿಯ ನಕ್ಷೆಯಲ್ಲಿ ಹುಡುಕಿ, ಎಲ್ಲರಿಗೂ ಕಾಣುವಂತೆ ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ. ‘ಕೆಟಗರಿ 2 ತಾನೇ’ ಎಂದು ಉಳಿದುಬಿಡುವುದು ದೊಡ್ಡ ತಪ್ಪು. 1ರಿಂದ 5ರವರೆಗಿನ ಆ ಅಂಕಿ ಗಾಳಿಯ ವೇಗವನ್ನಷ್ಟೇ ಹೇಳುತ್ತದೆ, ಸಮುದ್ರ ಎಷ್ಟು ಒಳನುಗ್ಗುತ್ತದೆ ಎಂಬುದನ್ನಲ್ಲ. 2008ರ ಐಕ್ ಹರಿಕೇನ್ ದಡ ಮುಟ್ಟಿದಾಗ ಕೆಟಗರಿ 2 ಆಗಿತ್ತು. ಆದರೂ ಟೆಕ್ಸಾಸ್‌ನ ಬೊಲಿವರ್ ಪರ್ಯಾಯ ದ್ವೀಪದ ಮೇಲೆ 15 ಅಡಿಗೂ ಮೀರಿದ ನೀರು ಹರಿಯಿತು. ಸಮುದ್ರದಿಂದ ದೂರವಿದ್ದೇವೆ ಎಂಬ ಧೈರ್ಯವೂ ಸಾಲದು. 2024ರ ಹೆಲೀನ್ ಹರಿಕೇನ್, ಉತ್ತರ ಕೆರೊಲಿನಾದ ಬೆಟ್ಟಗಳ ನಡುವಿನ ಆ್ಯಶ್‌ವಿಲ್ ಊರಿನ ಹಲವು ಭಾಗಗಳನ್ನು ಮುಳುಗಿಸಿತು. ತೆರವಿನ ಆದೇಶ ಬಂದರೆ ಹೊರಡಿ, ಅಷ್ಟೇ.

ಕಿಟಕಿಗೆ ಟೇಪು ಅಂಟಿಸುವುದರಿಂದ ಏನೂ ಪ್ರಯೋಜನವಿಲ್ಲ. ಗಾಜು ಒಡೆದೇ ಒಡೆಯುತ್ತದೆ, ಚೂರುಗಳು ಇನ್ನೂ ದೊಡ್ಡವಾಗಿ ಬೀಳುತ್ತವೆ. ಶಟರ್ ಇಲ್ಲದಿದ್ದರೆ 5/8 ಇಂಚು ದಪ್ಪದ, ಹೊರಾಂಗಣ ಬಳಕೆಯ ಪ್ಲೈವುಡ್ ತಂದು, ಕಿಟಕಿಗಿಂತ ಪ್ರತಿ ಬದಿಗೂ 4 ಇಂಚು ಹೆಚ್ಚಿಗೆ ಕತ್ತರಿಸಿ. ಮೊಳೆ ಬೇಡ, ಗಾಳಿ ಜಗ್ಗಿದರೆ ಕಿತ್ತುಬರುತ್ತದೆ. ಸ್ಕ್ರೂ ಹಾಕಿ, ಅದು ಗೋಡೆಯೊಳಗಿನ ಮರದ ಚೌಕಟ್ಟನ್ನು ಹಿಡಿಯಬೇಕು, ಕಿಟಕಿಯ ಅಂಚುಪಟ್ಟಿಯನ್ನಲ್ಲ. ತೂತುಗಳನ್ನು ಈಗಲೇ ಕೊರೆದು, ಪ್ರತಿ ಹಲಗೆಯ ಮೇಲೂ ‘ಅಡುಗೆಮನೆ, ಪೂರ್ವ, ಈ ಕಡೆ ಮೇಲೆ’ ಎಂದು ಮಾರ್ಕರ್‌ನಲ್ಲಿ ಬರೆದಿಡಿ. ಗುರುತಿಲ್ಲದ ಹತ್ತು ಹಲಗೆಗಳನ್ನು ಮಳೆಯಲ್ಲಿ ಹೊಂದಿಸುತ್ತಾ ಕೂರಲು ಆಗ ಸಮಯವಿರುವುದಿಲ್ಲ.

ಕಿಟಕಿಗಿಂತ ದೊಡ್ಡ ದೌರ್ಬಲ್ಯ ಗ್ಯಾರೇಜ್ ಬಾಗಿಲು. ಅದು ಒಳಕ್ಕೆ ಬಾಗಿತೆಂದರೆ ನುಗ್ಗಿದ ಗಾಳಿ ಕೆಳಗಿನಿಂದ ಚಾವಣಿಯನ್ನು ಎತ್ತುತ್ತದೆ. ಗಾಳಿಯ ಒತ್ತಡ ತಾಳುವ ಬಾಗಿಲೋ, ಒಳಗಿನಿಂದ ಹಾಕುವ ಆಸರೆ ಪಟ್ಟಿಯೋ ಬೇಕೇ ಬೇಕು.

ನೀರಿನ ಲೆಕ್ಕ: ತಲೆಗೆ ದಿನಕ್ಕೆ 1 ಗ್ಯಾಲನ್, ಅಂದರೆ ಸುಮಾರು 3.8 ಲೀಟರ್. ನಾಲ್ಕು ಜನರಿಗೆ ಒಂದು ವಾರಕ್ಕೆ 28 ಗ್ಯಾಲನ್. ಸ್ನಾನದ ತೊಟ್ಟಿ ತುಂಬಿಸಿಡಿ; ಅದು ಶೌಚಾಲಯಕ್ಕೆ, ಕುಡಿಯಲು ಅಲ್ಲ. ನಮ್ಮ ಮನೆಗಳಲ್ಲಿ ಅಕ್ಕಿ, ಬೇಳೆ ಮೂಟೆಗಟ್ಟಲೆ ಇರುತ್ತದೆ, ಆದರೆ ಕರೆಂಟ್ ಒಲೆ ಆರಿದ ಮೇಲೆ ಅದರಿಂದ ಉಪಯೋಗವಿಲ್ಲ. ನೆನೆಸಿದರೆ ಸಾಕಾಗುವ ಅವಲಕ್ಕಿ, ಚಟ್ನಿಪುಡಿ, ಬಿಸ್ಕೆಟ್, ಡಬ್ಬಿ ಕಾಳುಗಳಿರಲಿ. ಡಬ್ಬಿ ತೆರೆಯಲು ಕೈ ಓಪನರ್ ಮರೆಯಬೇಡಿ. ಮನೆಮಂದಿಯ ಔಷಧಿ, ಸ್ವಲ್ಪ ನಗದು, ಟಾರ್ಚು ಜೊತೆಗಿರಲಿ. ಪಾಸ್‌ಪೋರ್ಟ್, ವೀಸಾ ಕಾಗದ, ಐ-797 (ಅಮೆರಿಕದ ವಲಸೆ ಇಲಾಖೆ ಕೊಡುವ ನೋಟಿಸ್ ಪತ್ರ) ಮೂಲಪ್ರತಿಗಳು ನೀರು ಹೊಗದ ಚೀಲದಲ್ಲಿರಲಿ.

ಜನರೇಟರ್ ಇದ್ದರೆ ಮನೆಯಿಂದ 20 ಅಡಿಯಾದರೂ ದೂರವಿಟ್ಟು, ಹೊಗೆಕೊಳವೆಯನ್ನು ಕಿಟಕಿ, ಬಾಗಿಲಿನಿಂದ ಆಚೆಗೆ ತಿರುಗಿಸಿ. ಗ್ಯಾರೇಜಿನಲ್ಲಿ, ಬಾಗಿಲು ತೆರೆದಿದ್ದರೂ, ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಈ ಅನಿಲವನ್ನು ಪತ್ತೆಹಚ್ಚುವ ಬ್ಯಾಟರಿಯ ಅಲಾರಂ ಹಾಕಿಕೊಳ್ಳಿ.

ಹರಿಕೇನ್ ‘ವಾಚ್’ (ಬರಬಹುದು ಎಂಬ ಸೂಚನೆ) ಎಂದರೆ ಜೋರು ಗಾಳಿ ಶುರುವಾಗಲು ಸುಮಾರು 48 ಗಂಟೆ, ‘ವಾರ್ನಿಂಗ್’ (ಬರುವ ನಿರೀಕ್ಷೆಯಿದೆ ಎಂಬ ಎಚ್ಚರಿಕೆ) ಎಂದರೆ 36 ಗಂಟೆ ಕೈಯಲ್ಲಿದೆ. ಗಂಟೆಗೆ 39 ಮೈಲಿ ಗಾಳಿ ಬೀಸತೊಡಗಿದರೆ ಹೊರಗಿನ ಕೆಲಸ ನಿಂತಂತೆ. ಹಾಗಾಗಿ ವಾಚ್ ಬಂದೊಡನೆ ಹಲಗೆ ಬಿಗಿಯಿರಿ, ಕುಂಡ, ಕುರ್ಚಿ ಒಳಗಿಡಿ, ಪೆಟ್ರೋಲ್ ತುಂಬಿಸಿ. ಬೇರೆ ರಾಜ್ಯದಲ್ಲಿರುವ ಒಬ್ಬ ನೆಂಟರ ನಂಬರನ್ನು ಎಲ್ಲರೂ ಬರೆದುಕೊಳ್ಳಿ. ಕರೆ ಹೋಗದಿದ್ದರೂ ಮೆಸೇಜ್ ಹೋಗುವ ಸಾಧ್ಯತೆ ಹೆಚ್ಚು.

ಹೊರಡುವ ಮುನ್ನ ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿಮಾಡಿ, ಮೇಲೊಂದು ನಾಣ್ಯ ಇಡಿ. ವಾಪಸು ಬಂದಾಗ ನಾಣ್ಯ ತಳ ಸೇರಿದ್ದರೆ, ಮಂಜುಗಡ್ಡೆ ಮತ್ತೆ ಗಟ್ಟಿಯಾಗಿದ್ದರೂ, ಒಳಗಿನದೆಲ್ಲ ಒಮ್ಮೆ ಕರಗಿ ಕೆಟ್ಟಿದೆ ಎಂದೇ ತಿಳಿದು ಎಸೆಯಿರಿ. ಎಸೆಯುವ ಮೊದಲು, ಗುಡಿಸುವ ಮೊದಲು, ಪ್ರತಿ ಕೋಣೆಯಲ್ಲೂ ಗೋಡೆಯ ನೀರಿನ ಗೆರೆ ಕಾಣುವಂತೆ ಫೋಟೊ ತೆಗೆಯಿರಿ. ವಿಮೆಯವರು ಕೇಳುವುದು ಅದನ್ನೇ.